ಬಾಣ ಚಲಿಸುತ್ತಿತ್ತು

ಬೋಧನಾಭ್ಯಾಸಕ್ಕಾಗಿ ನನ್ನನ್ನು ಔರಾದ್‌ನ ಒಂದು ಪ್ರೌಢಶಾಲೆಗೆ ಹಾಕಿದ್ದರು. ಅಂದು ತ್ರಿಭುಜದ ಕೋನಗಳ ಮೊತ್ತದ ಪಾಠ. ಉಬುಂಟು ಇದ್ದ ಕಂಪ್ಯೂಟರಿನಲ್ಲಿ ಜಿಯೋಜಿಬ್ರಾ ತೆರೆದು, ಅದನ್ನು ಪ್ರೊಜೆಕ್ಟರಿನ ಪರದೆಗೆ ಎಳೆದಿದ್ದೆ. ಮಕ್ಕಳ ಕಣ್ಣು ಅತ್ತಿತ್ತ ಹೋಗದಿರಲೆಂದು ಮೇಜಿನ ಮಾನಿಟರನ್ನು ಆರಿಸಿದ್ದೆ.

ಒಬ್ಬ ಹುಡುಗಿ ಮೌಸ್ ಹಿಡಿದು ತ್ರಿಭುಜ ರಚಿಸಿದಳು. ಶೃಂಗವನ್ನು ಎಲ್ಲಿಗೆ ಎಳೆದರೂ ಮೊತ್ತ 180 ಡಿಗ್ರಿಯೇ. ಮುಂದೆ ವಿಡಿಯೊ ತೋರಿಸಬೇಕಿತ್ತು. ಬ್ರೌಸರ್ ತೆರೆಯಲು ಅವಳಿಗೇ ಹೇಳಿದೆ. ಅಲ್ಲಿಗೆ ಎಲ್ಲ ನಿಂತಿತು. ಎಲ್ಲಿ ಒತ್ತಿದರೂ ಉತ್ತರವಿಲ್ಲ. ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕರು ಬರೆದುಕೊಳ್ಳುತ್ತಿದ್ದರು.

"ಏನು ಒತ್ತಿದಿ?" ಎಂದು ಗದರಿದೆ.

"ನೀವ್ ಹೇಳಿದ್ದೇ ಒತ್ತೀನ್ರಿ ಸರ್" ಎಂದಳು.

ನಾನು ನಂಬಲಿಲ್ಲ. ಸ್ವಿಚ್ ಆರಿಸಿದೆ. ಉಳಿಸದೇ ಇದ್ದ ಅವಳ ತ್ರಿಭುಜವೂ ಹೋಯಿತು, ಅವಧಿಯೂ ಮುಗಿಯಿತು.

ಬೀದರಿಗೆ ಬಂದು ಭಾಲ್ಕಿಯ ಸಹಪಾಠಿಗೆ ಹೇಳಿಕೊಂಡೆ. ಆತ ಕೇಳಿದ್ದು ಒಂದೇ: "ಬಾಣ ಚಲಿಸುತ್ತಿತ್ತೇನು?" ಹೌದು, ಚಲಿಸುತ್ತಿತ್ತು. "ಹಾಗಾದ್ರ ಕಂಪ್ಯೂಟರ್ ನಿಂತಿಲ್ಲ, ನಿನ್ನ ಉತ್ತರಕ್ಕ ಕಾಯಾಕತ್ತಿತ್ತು" ಎಂದ.

ಕಾಲೇಜಿನ ಲ್ಯಾಬಿನಲ್ಲಿ ಅದನ್ನೇ ಮಾಡಿ ನೋಡಿದೆವು. ಉಬುಂಟುವಿನಲ್ಲಿ ಪಾಸ್‌ವರ್ಡ್‌ಗಳನ್ನು ಕೂಡಿಡುವ ಕೀರಿಂಗ್ ಎಂಬ ಪೆಟ್ಟಿಗೆಯಿದೆ. ನಾವು ಪಾಸ್‌ವರ್ಡ್ ಕೊಟ್ಟು ಲಾಗಿನ್ ಆದರೆ ಅದೂ ಜೊತೆಗೇ ತೆರೆಯುತ್ತದೆ. ಮಕ್ಕಳಿಗೆ ಸುಲಭವಾಗಲೆಂದು ತಾನಾಗಿ ಲಾಗಿನ್ ಆಗುವಂತೆ ಇಟ್ಟರೆ ಅದು ಮುಚ್ಚಿಯೇ ಇರುತ್ತದೆ. ಬ್ರೌಸರಿಗೆ ಅದು ಬೇಕಾದಾಗ ಪಾಸ್‌ವರ್ಡ್ ಕೇಳುವ ಚಿಕ್ಕ ಚೌಕ ಬರುತ್ತದೆ. ಬೇರೆ ಪ್ರೋಗ್ರಾಂ ಆ ಪಾಸ್‌ವರ್ಡ್ ಕದಿಯದಿರಲೆಂದು, ಉತ್ತರ ಸಿಗುವವರೆಗೆ ಕೀಲಿಮಣೆ, ಮೌಸ್ ಎರಡನ್ನೂ ಆ ಚೌಕವೇ ಹಿಡಿದಿಡುತ್ತದೆ. ಆ ಚೌಕ ಮುಖ್ಯ ಪರದೆಯಲ್ಲಿ ಬಂತು. ಔರಾದ್‌ನಲ್ಲಿ ನಾನು ಆರಿಸಿದ್ದು ಅದೇ ಪರದೆಯನ್ನು. ಎಸ್ಕೇಪ್ ಕೀಲಿ ಒತ್ತಿದೆವು. ಚೌಕ ಹೋಯಿತು, ಬ್ರೌಸರ್ ತೆರೆಯಿತು. ಸ್ವಿಚ್ ಮುಟ್ಟಬೇಕಾಗಿಯೇ ಇರಲಿಲ್ಲ.

ಮರುವಾರ ಔರಾದ್‌ನ ತರಗತಿಯಲ್ಲಿ ಮಾನಿಟರ್ ಉರಿಯುತ್ತಿರುವಾಗಲೇ ಬ್ರೌಸರ್ ತೆರೆಸಿದೆ. ಚೌಕ ಬಂತು. "ಅವತ್ತು ನಿಂತದ್ದು ಇದರಿಂದ. ತಪ್ಪು ನನ್ನದು, ಅವಳದಲ್ಲ" ಎಂದು ಎಲ್ಲರೆದುರು ಹೇಳಿದೆ. ಹುಡುಗಿ ತಲೆ ಎತ್ತಲಿಲ್ಲ. ಆದರೆ ಮೌಸ್ ಹಿಡಿಯಲು ಯಾರು ಬರುತ್ತೀರಿ ಎಂದಾಗ ಎದ್ದು ಬಂದಳು.

ಅಂದಿನಿಂದ ನನ್ನ ಪಾಠ ಯೋಜನೆಯ ಸಿದ್ಧತೆಯ ಭಾಗದಲ್ಲಿ ಎರಡು ಸಾಲು ಹೆಚ್ಚಿವೆ: ಪಾಠಕ್ಕೆ ಮೊದಲು ಎಲ್ಲ ಪ್ರೋಗ್ರಾಂಗಳನ್ನೂ ಒಮ್ಮೆ ತೆರೆದು ನೋಡುವುದು. ಏನಾದರೂ ನಿಂತರೆ, ಯಾರು ಮುಟ್ಟಿದರು ಎನ್ನುವ ಮೊದಲು ಎಲ್ಲ ಪರದೆಗಳನ್ನೂ ನೋಡುವುದು.