ವಾಕ್ಯವನ್ನು ತುಂಬುವ ಪದ

ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗ ನನ್ನ ಊರು. ಮನೆಯ ಮಾತು, ಶಾಲೆಯ ಮಾತು ಎರಡೂ ಕನ್ನಡವಾಗಿದ್ದ ನಮಗೆ ಇಂಗ್ಲಿಷ್ ವ್ಯಾಕರಣವು ನಮ್ಮ ಬೆಟ್ಟಕ್ಕಿಂತಲೂ ಕಡಿದಾಗಿ ಕಾಣುತ್ತಿತ್ತು. ‘ಕಾಂಪ್ಲಿಮೆಂಟ್’ ಎಂಬ ಪಾಠ ಬಂದಾಗಲಂತೂ ಅನೇಕರು ಪುಸ್ತಕವನ್ನೇ ಮುಚ್ಚಿಬಿಡುತ್ತಿದ್ದರು. ಇಂಗ್ಲಿಷಿನ ಭಯದಿಂದ ಓದನ್ನೇ ನಿಲ್ಲಿಸಿದ ಗೆಳೆಯರೂ ಉಂಟು. ಆ ಏರನ್ನು ಹತ್ತಲು ನನಗೆ ನೆರವಾದವು ನಮ್ಮೂರಿನ ಇತಿಹಾಸ ಮತ್ತು ನಮ್ಮ ಕನ್ನಡ.

12ನೆಯ ಶತಮಾನದಲ್ಲಿ ಹೊಯ್ಸಳರ ಅರಸು ಇಮ್ಮಡಿ ವೀರಬಲ್ಲಾಳನು ಪಾಂಡ್ಯರಿಂದ ಈ ದುರ್ಗವನ್ನು ಗೆದ್ದು ‘ಗಿರಿದುರ್ಗಮಲ್ಲ’ನೆಂಬ ಬಿರುದನ್ನು ಧರಿಸಿದನು. ‘ಬಲ್ಲಾಳನು ಪಾಂಡ್ಯನನ್ನು ಸೋಲಿಸಿದನು’ ಎಂಬ ವಾಕ್ಯದಲ್ಲಿ ಇಬ್ಬರಿದ್ದಾರೆ. ಬಲ್ಲಾಳನು ಕರ್ತೃ, ಪಾಂಡ್ಯನು ಕರ್ಮ. ‘ಬಲ್ಲಾಳನು ಗಿರಿದುರ್ಗಮಲ್ಲನಾದನು’ ಎಂಬಲ್ಲಿ ಇರುವವನು ಒಬ್ಬನೇ. ಹೀಗೆ ಕರ್ತೃವನ್ನೇ ಹೆಸರಿಸಿ ಇಲ್ಲವೆ ಬಣ್ಣಿಸಿ ವಾಕ್ಯವನ್ನು ತುಂಬುವ ಪದವೇ ಕರ್ತೃಪೂರಕ. ‘ಜನರು ಬಲ್ಲಾಳನನ್ನು ಗಿರಿದುರ್ಗಮಲ್ಲನೆಂದು ಕರೆದರು’ ಎಂದಾಗ ಬಲ್ಲಾಳನು ಕರ್ಮವಾಗುತ್ತಾನೆ. ಅದೇ ಬಿರುದು ಕರ್ಮಪೂರಕವಾಗುತ್ತದೆ.

ಕನ್ನಡದಲ್ಲಿ ‘ಬಲ್ಲಾಳನು ಅರಸ’ ಎಂದರೂ ವಾಕ್ಯ ಪೂರ್ಣವೇ. ಇಂಗ್ಲಿಷಿನಲ್ಲಿ ‘ಬಲ್ಲಾಳ ವಾಸ್ ಎ ಕಿಂಗ್’ ಎನ್ನಬೇಕು. ನಡುವೆ ‘ವಾಸ್’ ಎಂಬ ಕ್ರಿಯಾಪದ ಇರಲೇಬೇಕು. ಹಳ್ಳಿಯ ಮಕ್ಕಳು ಅದನ್ನು ಬಿಟ್ಟು ಬರೆದರೆ ಅದು ದಡ್ಡತನವಲ್ಲ, ತಾಯ್ನುಡಿಯ ರೂಢಿ. ಕಾರಣವನ್ನು ಅರಿತವರಿಗೆ ತಿದ್ದಿಕೊಳ್ಳುವುದು ಕಷ್ಟವಲ್ಲ.

ಇನ್ನೊಂದು ಭೇದವೂ ಉಂಟು. ಕನ್ನಡವು ಕರ್ಮಪೂರಕವನ್ನು ‘ಆಗಿ’, ‘ಎಂದು’ ಮೊದಲಾದ ಪದಗಳಿಂದ ಗುರುತಿಸುತ್ತದೆ. ಇಂಗ್ಲಿಷು ಬಹುಮಟ್ಟಿಗೆ ಸ್ಥಾನದಿಂದಲೇ ಗುರುತಿಸುತ್ತದೆ. ಬೇಸಿಗೆಯಲ್ಲಿ ಬಾಯಾರಿ ಬೆಟ್ಟವೇರಿ, ಹೊಂಡದ ಬಳಿಗೆ ಬಂದವರನ್ನು ನೆನೆಯಿರಿ. ‘ದೆ ಫೌಂಡ್ ದಿ ಎಂಪ್ಟಿ ಪಾಂಡ್’ ಎಂದರೆ ಅವರು ಬರಿದಾದ ಹೊಂಡವನ್ನು ಕಂಡುಹಿಡಿದರು ಎಂದರ್ಥ. ‘ದೆ ಫೌಂಡ್ ದಿ ಪಾಂಡ್ ಎಂಪ್ಟಿ’ ಎಂದರೆ, ನೋಡಿದಾಗ ಹೊಂಡವು ಬರಿದಾಗಿತ್ತು ಎಂದರ್ಥ. ಎರಡನೆಯ ವಾಕ್ಯದಲ್ಲಿ ‘ಎಂಪ್ಟಿ’ ಎಂಬುದು ಕರ್ಮಪೂರಕ. ಒಂದು ಪದ ಹಿಂದಿನಿಂದ ಮುಂದಕ್ಕೆ ಸರಿಯಿತು. ಬಾಯಾರಿದವರ ನಿರಾಶೆಯೆಲ್ಲ ವಾಕ್ಯದೊಳಗೆ ಬಂದಿತು.

ಪರಭಾಷೆಯನ್ನು ಕಲಿಯಲು ತಾಯ್ನುಡಿಯನ್ನು ಹೊರಗಿಟ್ಟು ಹೋಗಬೇಕಾಗಿಲ್ಲ. ಕರ್ತೃ, ಕರ್ಮ, ಪೂರಕಗಳನ್ನು ಕನ್ನಡದಲ್ಲಿ ಗುರುತಿಸಬಲ್ಲವರಿಗೆ ಇಂಗ್ಲಿಷಿನ ಬಾಗಿಲು ಅರ್ಧ ತೆರೆದಂತೆಯೇ. ಉಳಿದರ್ಧವನ್ನು ಅಭ್ಯಾಸವು ತೆರೆಯುತ್ತದೆ.