ಚಿನ್ನದ ಕೆಳಗೆ ಏನಿದೆ?

ಅಮ್ಮನ ಅಸಲಿ ಸರ ನನ್ನ ಇಂಜಿನಿಯರಿಂಗ್ ಫೀಸಿಗೆ ಅಂತ ಅಡವಿಗೆ ಹೋಗಿದ್ದು, ವಾಪಸ್ ಬರಲೇ ಇಲ್ಲ. ಅಂದಿನಿಂದ ಮದುವೆ-ಮುಂಜಿಗೆಲ್ಲ ಒಂದು ಗ್ರಾಂ ಚಿನ್ನದ ಸರವೇ. ಈಗ ಹೊಸದು ಕೊಡಿಸ್ತೀನಿ ಅಂದ್ರೆ, "ಈ ರೇಟಲ್ಲಿ ಬೇಡ ಕಣೋ, ಇದಕ್ಕೇ ಪಾಲಿಶ್ ಹಾಕಿಸ್ಕೊಡು" ಅಂತಾಳೆ. ತೊಂದರೆ ಏನಂದ್ರೆ, ಅದು ಹಾಕಿದಾಗಲೆಲ್ಲ ಕತ್ತಿನ ಸುತ್ತ ತುರಿಕೆ.

ಚಿನ್ನದ ಲೇಪ ಮೈಕ್ರಾನ್ ಲೆಕ್ಕದ್ದು ಮಾರಾಯ್ರೆ! ಹಿತ್ತಾಳೆ ಮೇಲೆ ನೇರ ಕೂರಿಸಿದ್ರೆ ಒಳಗಿನ ತಾಮ್ರ, ಸತು ಮೆಲ್ಲಗೆ ಚಿನ್ನದೊಳಗೆ ನುಸುಳಿ ಮೇಲೆ ಬರುತ್ತವೆ, ಬಣ್ಣ ಕೆಡುತ್ತೆ. ತಡೆಯೋಕೆ ನಡುವೆ ನಿಕ್ಕಲ್ ಪದರ. ಅಗ್ಗ, ಗಟ್ಟಿ, ಒಳ್ಳೇ ಹೊಳಪು. ಆದರೆ ಚಿನ್ನ ಸವೆದ ಕಡೆ ಬೆವರಿಗೆ ನಿಕ್ಕಲ್ ಬಿಟ್ಟುಕೊಂಡು, ಒಗ್ಗದವರಿಗೆ ಅಲರ್ಜಿ. ಯುರೋಪಿನವರು 1994ರಲ್ಲೇ ಇದಕ್ಕೆ ಮಿತಿ ಹಾಕಿದ್ರು: ಚದರ ಸೆಂಟಿಮೀಟರಿಗೆ ವಾರಕ್ಕೆ 0.5 ಮೈಕ್ರೋಗ್ರಾಂ. ಬೆಳ್ಳಿ ಹಾಕಿದ್ರೆ? ಅದೂ ನುಸುಳುತ್ತೆ, ಕಪ್ಪಾಗುತ್ತೆ. ಪಲ್ಲಾಡಿಯಂ ಚೆನ್ನ, ಆದ್ರೆ ದುಬಾರಿ (ಗಿಲೀಟು ಸರಕ್ಕೆ ಪಲ್ಲಾಡಿಯಂ ಅಂದ್ರೆ ಅಮ್ಮ ನಗ್ತಾಳೆ). ನನ್ನ ಓಟು ತಾಮ್ರ-ತವರ-ಸತು ಬೆರೆತ ಬಿಳಿ ಕಂಚಿಗೆ.

ಪಾಲಿಶ್ ಅಂಗಡಿಯವನನ್ನು ಕೇಳಿದೆ. "ನಿಕ್ಕಲ್ ಇಲ್ದೆ ಶೈನಿಂಗ್ ಬರಲ್ಲ ಸಾರ್" ಅಂದ. ನಗರ್ತಪೇಟೆ ಕಡೆ ಹಳೇ ಪದರ ತೆಗೆದು ಬಿಳಿ ಕಂಚು ಹಾಕಿಕೊಡುವವರು ನಿಮಗೆ ಗೊತ್ತಿದ್ರೆ ತಿಳಿಸ್ತೀರಾ? ಮುಂದಿನ ತಿಂಗಳು ಚಿಕ್ಕಮ್ಮನ ಮಗಳ ಮದುವೆ ಇದೆ.