ಕೃಷ್ಣರಾಜನಗರದ ಹೊಗೆಬಂಡಿಯನ್ನರಸಿ

ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರವು ರೈಲನ್ನು ಕಾಣದ ಊರು. ಊರ ಮೇಲಣ ಬೆಟ್ಟವು ಸಮುದ್ರಮಟ್ಟಕ್ಕೆ 4,389 ಅಡಿ ಎತ್ತರವಾಗಿದ್ದು, ತುದಿಯಲ್ಲಿ ಸಿಡಿಲು ಮಲ್ಲಿಕಾರ್ಜುನಸ್ವಾಮಿಯ ದೇವಾಲಯವನ್ನು ಹೊತ್ತು ನಿಂತಿದೆ. ಮೆಟ್ಟಿಲುಗಳನ್ನೇರಿ ಅಲ್ಲಿಂದ ನೋಡುವವರಿಗೆ ಹೊಲಗಳೂ ಕೆರೆಗಳೂ ತೋಟಗಳೂ ಕಾಣುವುವು, ರೈಲುಹಳಿಯು ಕಾಣದು. ಹುಣಸೂರಿಗಾಗಲಿ ಪಿರಿಯಾಪಟ್ಟಣಕ್ಕಾಗಲಿ ಇಂದಿಗೂ ರೈಲು ಬಂದಿಲ್ಲ. ಹೀಗಿದ್ದರೂ ಈ ಊರಿನಲ್ಲಿ ನಮ್ಮ ವಯಸ್ಸಿನವರೊಡನೆ ಬಾಲ್ಯದ ಮಾತೆತ್ತಿದರೆ, ಹೊಗೆಬಂಡಿಯೊಂದು ಮಾತಿನ ನಡುವೆ ಬಂದೇ ಬರುವುದು. ಅದು ಕೃಷ್ಣರಾಜನಗರದಲ್ಲಿ ಹತ್ತಿ ಮೈಸೂರಿನಲ್ಲಿಳಿಯುತ್ತಿದ್ದ ಚಿಕ್ಕ ಹಳಿಯ ಬಂಡಿ. ಆ ಬಂಡಿಯ ಗತಿಯೇನಾಯಿತೆಂದು ತಿಳಿಯುವ ಆಸೆಯಿಂದ ನಾವು ಈಚೆಗೆ ಒಂದು ಸಣ್ಣ ಯಾತ್ರೆಯನ್ನು ಕೈಗೊಂಡೆವು.

ಬೆಟ್ಟದಪುರದಿಂದ ಮೈಸೂರಿಗೆ ಹೋಗುವವರಿಗೆ ಹುಣಸೂರಿನ ದಾರಿಯೇ ನೇರವಾದುದು. ಆದರೆ ಮಕ್ಕಳ ಹಟಕ್ಕೆ ಮಣಿದ ಹಿರಿಯರು ಕೆಲವೊಮ್ಮೆ ಸುತ್ತುದಾರಿ ಹಿಡಿದು, ಕೃಷ್ಣರಾಜನಗರಕ್ಕೆ ಬಸ್ಸಿನಲ್ಲಿ ಹೋಗಿ ರೈಲು ಹತ್ತಿಸುತ್ತಿದ್ದರು. ಬುತ್ತಿಯ ಗಂಟು, ನೀರಿನ ಚೆಂಬು, ಮರದ ಹಲಗೆಯ ಆಸನ, ಕಿಟಕಿಯಿಂದ ಹಾರಿ ಬಂದು ಕಣ್ಣಿಗೆ ಬೀಳುವ ಕಲ್ಲಿದ್ದಲಿನ ಕಿಡಿ, ಇವೆಲ್ಲವೂ ಆ ಪ್ರಯಾಣದ ಅಂಗಗಳು. ಮೈಸೂರು ಸೇರುವಷ್ಟರಲ್ಲಿ ಬಿಳಿಯ ಪಂಚೆಗಳು ಬೂದಿಬಣ್ಣಕ್ಕೆ ತಿರುಗಿರುತ್ತಿದ್ದುವು. ಮಕ್ಕಳ ಉತ್ಸಾಹಕ್ಕೆ ಮಾತ್ರ ಮಸಿ ಹತ್ತುತ್ತಿರಲಿಲ್ಲ.

ಮೈಸೂರಿನಿಂದ ಹಾಸನದ ಮೇಲೆ ಅರಸೀಕೆರೆಯನ್ನು ಸೇರುವ ಈ ಮಾರ್ಗವು ಮೈಸೂರು ಸಂಸ್ಥಾನದ ಕಾಲದ್ದು. ಅಂದು ಅದರ ಹಳಿಗಳ ನಡುವಣ ಅಂತರವು ಒಂದು ಮೀಟರು ಮಾತ್ರ. ಸಂಸ್ಥಾನದ ರೈಲ್ವೆಯು 1951ನೆಯ ಏಪ್ರಿಲ್ 14ರಂದು ದಕ್ಷಿಣ ರೈಲ್ವೆಯಲ್ಲಿ ಸೇರಿಹೋಯಿತು. ಒಡೆತನವು ಬದಲಾದರೂ ಹಳಿಯ ಅಳತೆಯು ಹಾಗೆಯೇ ಉಳಿಯಿತು. ಬೆಂಗಳೂರಿನಿಂದ ಮದರಾಸಿನ ಕಡೆಗೆ ಹೋಗುವ ಹಳಿಯಾದರೋ 1,676 ಮಿಲಿಮೀಟರು ಅಗಲದ್ದು. ಒಂದು ಅಳತೆಯ ಹಳಿಯ ಬಂಡಿಯು ಮತ್ತೊಂದರ ಮೇಲೆ ಓಡಲಾರದು. ಆದುದರಿಂದ ಈ ಸೀಮೆಯ ಭತ್ತ ಬೆಲ್ಲಗಳು ದೂರದೇಶಕ್ಕೆ ಹೋಗಬೇಕಾದರೆ ನಡುದಾರಿಯಲ್ಲಿ ಇಳಿದು ಹತ್ತಬೇಕಾಗುತ್ತಿತ್ತು. ದೇಶದ ಹಳಿಗಳನ್ನೆಲ್ಲ ಒಂದೇ ಅಳತೆಗೆ ತರುವ ಯೋಜನೆಯು 1992ರಲ್ಲಿ ಮೊದಲಾಯಿತು. ಆ ದಶಕದಲ್ಲಿಯೇ ನಮ್ಮ ಮಾರ್ಗವೂ ಅಗಲವಾಯಿತು. ಹಳೆಯ ಬಂಡಿಗೆ ಓಡಲು ನೆಲವಿಲ್ಲದಂತಾಯಿತು.

ನಾವು ಮೊದಲು ಕೃಷ್ಣರಾಜನಗರದ ನಿಲ್ದಾಣಕ್ಕೆ ಹೋದೆವು. ಕಾವೇರಿಯ ಪ್ರವಾಹದಿಂದ ನೊಂದ ಎಡತೊರೆಯ ಜನರಿಗಾಗಿ ಎತ್ತರದಲ್ಲಿ ಕಟ್ಟಿದ ಈ ಊರು ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನು ಹೊತ್ತಿದೆ. ನಿಲ್ದಾಣದ ಬಳಿಯ ಮರದ ನೆರಳಿನಲ್ಲಿ, ಹಿಂದೆ ಗ್ಯಾಂಗ್‌ಮನ್ ಆಗಿದ್ದ ವೃದ್ಧರೊಬ್ಬರು ದೊರೆತರು. ನಾವು ಬಂದ ಕಾರಣವನ್ನು ಕೇಳಿ ಅವರು ನಕ್ಕರು.

“ಎಲ್ಲಿಗೆ ಹೋಯಿತು ಅಂತೀರಾ ಮೇಷ್ಟ್ರೇ? ಬೆಂಕಿ ಆರಿದ ಮೇಲೆ ಇಂಜಿನ್ನು ಬರೀ ಕಬ್ಬಿಣ. ತೂಕಕ್ಕೆ ಹಾಕಿದರು, ಹೋಯಿತು. ಡಬ್ಬಿಗಳದೂ ಅದೇ ಪಾಡು. ಹಳೇ ಹಳಿ ಕಿತ್ತವರಲ್ಲಿ ನಾನೂ ಒಬ್ಬ.”

“ನಿಮಗೆ ವ್ಯಥೆಯಾಗಲಿಲ್ಲವೇ ಯಜಮಾನರೇ?” ಎಂದು ಕೇಳಿದೆವು.

“ಆಗದೆ ಏನು ಸ್ವಾಮಿ? ಆದರೆ ಹೊಸ ಹಳಿ ಹಾಕಿದವರಲ್ಲೂ ನಾನಿದ್ದೆನಲ್ಲ! ಈಗ ನನ್ನ ಮೊಮ್ಮಗಳು ದಿನವೂ ಅದರಲ್ಲೇ ಮೈಸೂರಿನ ಕಾಲೇಜಿಗೆ ಹೋಗಿ ಬರುತ್ತಾಳೆ.”

ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ನಾವೂ ಅಗಲಹಳಿಯ ಬಂಡಿಯನ್ನೇ ಹತ್ತಿ, ಸಾಗರಕಟ್ಟೆಯಲ್ಲಿ ಕನ್ನಂಬಾಡಿಯ ಹಿನ್ನೀರನ್ನು ನೋಡುತ್ತ, ಬೆಳಗೊಳವನ್ನು ಹಾದು ಮೈಸೂರು ಸೇರಿದೆವು. ಕಣ್ಣಿಗೆ ಕಿಡಿ ಬೀಳಲಿಲ್ಲ. ಪಂಚೆಯು ಬೆಳ್ಳಗೇ ಉಳಿಯಿತು.

ಮೈಸೂರಿನ ನಿಲ್ದಾಣಕ್ಕೆ ಸಮೀಪದಲ್ಲಿ, ಕೃಷ್ಣರಾಜಸಾಗರದ ರಸ್ತೆಯಲ್ಲಿ, ಆಹಾರ ಸಂಶೋಧನಾಲಯದ ಎದುರಿಗೆ ರೈಲು ವಸ್ತುಸಂಗ್ರಹಾಲಯವಿದೆ. ಇದನ್ನು 1979ರಲ್ಲಿ ಸ್ಥಾಪಿಸಿದರು. ಇಲ್ಲಿ ಚಿಕ್ಕ ಹಳಿಯ ಇಂಜಿನ್ನುಗಳು ಬಯಲಿನಲ್ಲಿ ಸಾಲಾಗಿ ನಿಂತಿವೆ. ಅವುಗಳಲ್ಲಿ ಇ. ಎಸ್. ವರ್ಗದ 506ನೆಯ ಸಂಖ್ಯೆಯ ಇಂಜಿನ್ನನ್ನು ನೋಡಿ ನಾವು ಬಹಳ ಹೊತ್ತು ನಿಂತೆವು. ಮುಂದೆ ನಾಲ್ಕು ಸಣ್ಣ ಗಾಲಿಗಳು, ನಡುವೆ ಎಳೆಯುವ ಆರು ದೊಡ್ಡ ಗಾಲಿಗಳು, ಹಿಂದೆ ಭಾರ ಹೊರುವ ಎರಡು ಗಾಲಿಗಳು; ಒಟ್ಟು ಹನ್ನೆರಡು. ಮಕ್ಕಳು ಅದರ ಮೆಟ್ಟಿಲಿನ ಬಳಿ ನಿಂತು ‘ಕೂ’ ಎಂದು ಕೂಗುತ್ತಿದ್ದರು.

ಒಳಗೆ 1899ರ ರಾಣೀವಾಸದ ಸಲೂನು ಇದೆ. ವಾಣೀವಿಲಾಸ ಸನ್ನಿಧಾನದವರು ರೀಜೆಂಟರಾಗಿ ರಾಜ್ಯವನ್ನು ನಡೆಸುತ್ತಿದ್ದ ಕಾಲವದು. ಅಡಿಗೆಮನೆ, ಊಟದ ಕೋಣೆ, ಸ್ನಾನಶೌಚಗಳ ಅನುಕೂಲ ಎಲ್ಲವೂ ಆ ಬಂಡಿಯಲ್ಲುಂಟು. ಅದೇ 1899ರ ಮಹಾರಾಜರ ಸಲೂನು ದೆಹಲಿಯ ಚಾಣಕ್ಯಪುರಿಯಲ್ಲಿ, 1977ರಲ್ಲಿ ತೆರೆದ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿದೆ. ತೇಗದ ಮರ, ದಂತದ ಕೆತ್ತನೆಗಳಿಂದ ಅದು ಹೆಸರಾಗಿದೆ. ಹೀಗೆ ಅರಸರ ಬಂಡಿಗಳೆರಡೂ ಎಲ್ಲಿವೆಯೆಂದು ಬೆರಳಿಟ್ಟು ತೋರಿಸಬಹುದು.

ನಾವು ಅರಸಿ ಬಂದುದಾದರೋ ಮರದ ಹಲಗೆಯ ಮೂರನೆಯ ದರ್ಜೆಯ ಡಬ್ಬಿಯನ್ನು. ಆ ದರ್ಜೆಯನ್ನೇ 1974ರಲ್ಲಿ ತೆಗೆದುಹಾಕಿದರು. ‘ವಾಹನ’ ಶಬ್ದದ ಮೂಲವು ‘ವಹ್’ ಎಂಬ ಧಾತು. ಹೊರುವುದೆಂದು ಅದರ ಅರ್ಥ. ಹೊತ್ತ ಜನರ ಸಂಖ್ಯೆಯೇ ವಾಹನದ ಯೋಗ್ಯತೆಗೆ ಅಳತೆಯಾದರೆ, ಸಲೂನಿಗಿಂತ ಆ ಡಬ್ಬಿಯೇ ಹೆಚ್ಚಿನದು. ಸಂತೆಗೆ ಹೋಗುವ ರೈತನನ್ನೂ ಆಸ್ಪತ್ರೆಗೆ ಹೋಗುವ ರೋಗಿಯನ್ನೂ ಬಾಣಂತನಕ್ಕೆ ಹೊರಟ ಹೆಣ್ಣುಮಗಳನ್ನೂ ಹೊತ್ತುದು ಅದು. ಆದರೆ ಎಲ್ಲೆಲ್ಲಿಯೂ ಇದ್ದುದನ್ನು ಯಾರೂ ಎತ್ತಿಡುವುದಿಲ್ಲ. ನಮ್ಮ ಮನೆಗಳಲ್ಲಿಯೂ ಹೀಗೆಯೇ ಅಲ್ಲವೇ? ಮದುವೆಯ ಜರತಾರಿ ಸೀರೆಯು ಪೆಟ್ಟಿಗೆಯಲ್ಲಿ ಭದ್ರವಾಗಿರುತ್ತದೆ. ದಿನವೂ ಉಟ್ಟ ಸೀರೆಯು ಹರಿದು ತೊಟ್ಟಿಲಬಟ್ಟೆಯಾಗಿ, ಮಸಿಬಟ್ಟೆಯಾಗಿ ಮುಗಿದುಹೋಗುತ್ತದೆ.

ಆ ಡಬ್ಬಿಯಾದರೂ ಹಾಗೆಯೇ ಸವೆದುಹೋಯಿತೆಂದು ನಾವು ಸಮಾಧಾನಗೊಂಡೆವು. ಚಿಕ್ಕ ಹಳಿಯ ಬಂಡಿಯು ಉಸಿರಾಡುವುದನ್ನು ನೋಡಬೇಕೆಂಬವರಿಗೆ ನೆರೆಯ ನೀಲಗಿರಿಯಲ್ಲಿ ಅವಕಾಶವಿದೆ. ಅಲ್ಲಿನ ಬೆಟ್ಟದ ರೈಲಿಗೆ 2005ರಲ್ಲಿ ವಿಶ್ವಪರಂಪರೆಯ ಮನ್ನಣೆಯೂ ದೊರೆತಿದೆ. ಮೈಸೂರಿಗೆ ಬರುವ ಗೃಹಸ್ಥರು ಮಕ್ಕಳನ್ನು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯುವಾಗ, ಮನೆಯ ಅಜ್ಜಿತಾತಂದಿರನ್ನೂ ಜೊತೆಗೆ ಕರೆದೊಯ್ಯಬೇಕೆಂದು ನಮ್ಮ ಬಿನ್ನಹ. ಅಲ್ಲಿಯ ಫಲಕಗಳು ಇಂಜಿನ್ನಿನ ವರ್ಗವನ್ನೂ ವರ್ಷವನ್ನೂ ಹೇಳುವುವು. ಮರದ ಹಲಗೆಯ ಮೇಲೆ ಯಾರು ಯಾರ ಮಡಿಲಲ್ಲಿ ಮಲಗಿ ನಿದ್ರಿಸಿದರೆಂಬುದನ್ನು ಅವರೇ ಹೇಳಬೇಕು.